ಗುಡ್ಡ ಹತ್ತೋ ಜೀಪು ಗಡಿ ದಾಟೋಕೆ ಮುಂಚೆ



ಈ ವಾರ ಮೆಣಸಿನ ಬಳ್ಳಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಎರಡು ತಿಂಗಳಲ್ಲಿ ಮೂರು ಜನ ನನ್ನ ಹತ್ರ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ತಗೊಂಡು ಬಂದ್ರು. ಒಬ್ಬ, ಮಾಡಿಫೈ ಮಾಡಿಸಿದ ಜೀಪಿನ ಸಮೇತ ವಯನಾಡಿಗೆ ಹೋಗಿ ನಿಂತ ಹುಡುಗ. ಇನ್ನೊಬ್ಬರು, ಹರಿಯಾಣದಿಂದ ಜೀಪು ಕಟ್ಟಿಸಿ ತರಿಸಬೇಕು ಅಂತ ಮುಂಗಡ ಕೊಡೋಕೆ ಹೊರಟವರು. ಮೂರನೆಯವರು, ಶುಂಠಿ ಹಾಕೋಕೆ ಬಂದಿದ್ದ ಕೇರಳದವರ ಹತ್ರ ಕೆಎಲ್ ನಂಬರಿನ ಜೀಪು ಕೊಂಡು ಶೆಡ್ಡಿನಲ್ಲಿ ನಿಲ್ಲಿಸಿರೋರು. ಮೂವರಿಗೂ ಬೇರೆ ಬೇರೆ ಕೂತು ಹೇಳಿದ್ದನ್ನ ಇಲ್ಲಿ ಒಟ್ಟಿಗೆ ಬರೀತಾ ಇದೀನಿ.

ನಾನು ಓದಿರೋದು ಎಸ್ಸೆಸ್ಸೆಲ್ಸಿ. ವಕೀಲನಲ್ಲ, ಏಜೆಂಟೂ ಅಲ್ಲ. ನಾಲ್ಕು ಎಕರೆ ಕಾಫಿ, ಸ್ವಲ್ಪ ಗದ್ದೆ, ಒಂದು ಹಳೇ ಜೀಪು ಇಟ್ಕೊಂಡಿರೋ ಮನುಷ್ಯ. ಆದ್ರೆ ಮೋಟಾರು ವಾಹನ ಕಾಯಿದೆಯ ನಮಗೆ ಬೇಕಾದ ಕಲಂಗಳನ್ನ ಕೂತು ಓದಿದೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಆರ್‌ಸಿಯಲ್ಲಿ ಬರೆದಿರೋ ಜೀಪು, ಅಂಗಳದಲ್ಲಿ ನಿಂತಿರೋ ಜೀಪು ಎರಡೂ ಒಂದೇ ಆಗಿದ್ರೆ ಮಾತ್ರ ಅದನ್ನ ಬೇರೆ ರಾಜ್ಯಕ್ಕೆ ಒಯ್ಯಬೇಕು, ಅಥವಾ ಬೇರೆ ರಾಜ್ಯದಿಂದ ತರಬೇಕು. ಇಲ್ಲದಿದ್ರೆ ಇಲ್ಲೇ ಮಾರಿ ಅಲ್ಲೇ ಕೊಳ್ಳೋದು ವಾಸಿ. ಹಾಗಂತ ಕಾಯಿದೆ ಪೂರ್ತಿ ಸರಿ ಇದೆ ಅಂತಾನೂ ನಾನು ಒಪ್ಪಲ್ಲ. ಗುಡ್ಡಗಾಡಿನ ರೈತನಿಗೆ ಅದರಲ್ಲಿ ಒಂದು ಅನ್ಯಾಯ ಇದೆ. ಅದನ್ನೂ ಕೊನೇಲಿ ಹೇಳ್ತೀನಿ.

ನಮ್ಮ ಕಡೆ ಜೀಪು ಯಾಕೆ ಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಜೂನ್ ಹಿಡಿದು ಸೆಪ್ಟೆಂಬರ್ ತನಕ ತೋಟದ ರಸ್ತೆಯಲ್ಲಿ ನೀರು ಹರಿಯುತ್ತೆ. ಗೊಬ್ಬರದ ಚೀಲ ಮೇಲಿನ ತಾಕಿಗೆ ಹೋಗಬೇಕು, ಹಣ್ಣು ಕಣಕ್ಕೆ ಬರಬೇಕು, ರಾತ್ರಿ ಹೊತ್ತಲ್ಲಿ ಲೈನ್ ಮನೆಯಲ್ಲಿ ಯಾರಿಗಾದ್ರೂ ಹೊಟ್ಟೆನೋವು ಬಂದ್ರೆ ಆಸ್ಪತ್ರೆಗೆ ಹೋಗಬೇಕು. ಫೋರ್ ವೀಲ್ ಹಾಕಿ, ಲೋ ಗೇರಿಗೆ ತಂದು, ಚಕ್ರಕ್ಕೆ ಚೈನು ಕಟ್ಟಿದ್ರೆ ಮಾತ್ರ ಗಾಡಿ ಕದಲುತ್ತೆ. ಕಂಪನಿಯವರು ಇಡೀ ದೇಶಕ್ಕೆ ಒಂದೇ ಗಾಡಿ ಮಾಡಿ ಕಳಿಸ್ತಾರೆ. ನಮ್ಮ ಗುಡ್ಡಕ್ಕೆ ಒಗ್ಗೋ ಹಾಗೆ ಅದನ್ನ ಗ್ಯಾರೇಜಿನಲ್ಲಿ ನಾವು ಬದಲಾಯಿಸ್ಕೋತೀವಿ. ಕಮಾನು ಪಟ್ಟಿ ಒಂದೆರಡು ಜಾಸ್ತಿ ಹಾಕಿಸ್ತೀವಿ, ದಪ್ಪ ಹಲ್ಲಿನ ಅಗಲ ಟೈರು ಹಾಕಿಸ್ತೀವಿ, ಹಿಂದೆ ಬೆಂಚು ಸೀಟು ಕೂರಿಸ್ತೀವಿ, ಕ್ಯಾನ್ವಾಸ್ ಹುಡ್ ಕಿತ್ತು ತಗಡಿನ ಟಾಪ್ ಮಾಡಿಸ್ತೀವಿ. ಎಂಜಿನ್ ಹೋದ್ರೆ ಗುಜರಿಯಿಂದ ಸಿಕ್ಕ ಇನ್ನೊಂದು ಮಾಡೆಲ್ಲಿನ ಎಂಜಿನ್ ಇಳಿಸ್ತೀವಿ.

ಇದರ ಜೊತೆ ಈಗ ಹುಡುಗರ ಶೋಕಿಯೂ ಸೇರಿಕೊಂಡಿದೆ. ಬಾನೆಟ್ ಮೇಲೆ ಎಲ್‌ಇಡಿ ಪಟ್ಟಿ, ಮುಂದೆ ಕಬ್ಬಿಣದ ದೊಡ್ಡ ಬಂಪರ್, ಬಾಡಿಯಿಂದ ಅರ್ಧ ಅಡಿ ಆಚೆ ಬರೋ ಟೈರು, ಊರಿಗೆಲ್ಲಾ ಕೇಳೋ ಸೈಲೆನ್ಸರ್. ರೈತನ ಅಗತ್ಯಕ್ಕೂ ಈ ಶೋಕಿಗೂ ಇರೋ ವ್ಯತ್ಯಾಸ ನಮಗೆ ಗೊತ್ತು. ಕಾಯಿದೆಗೆ ಗೊತ್ತಿಲ್ಲ.

ಕಾಯಿದೆ ಏನು ಹೇಳುತ್ತೆ ಅಂದ್ರೆ, 1988ರ ಮೋಟಾರು ವಾಹನ ಕಾಯಿದೆಯ ಕಲಂ 52ರ ಪ್ರಕಾರ, ಕಂಪನಿ ಮೂಲದಲ್ಲಿ ಹೇಳಿರೋ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಮಾಲೀಕ ಗಾಡಿಯನ್ನ ಬದಲಾಯಿಸೋ ಹಾಗಿಲ್ಲ. ಇದರ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಆ ಕೇಸು ಕೇರಳದಿಂದಲೇ ಹೋಗಿದ್ದು. ರಾಜ್ಯದ ನಿಯಮ ಏನೇ ಇರಲಿ, ಕಲಂ 52ನ್ನ ಮೀರೋ ಹಾಗಿಲ್ಲ ಅಂತ ಕೋರ್ಟು ಹೇಳ್ತು. ಅದೇ ವರ್ಷ ಕಾಯಿದೆಗೆ ತಿದ್ದುಪಡಿ ಬಂದು 182ಎ ಅನ್ನೋ ಕಲಂ ಸೇರಿತು. ಅದರಲ್ಲಿ ಒಪ್ಪಿಗೆ ಇಲ್ಲದ ಪ್ರತಿ ಒಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಪ್ರತಿ ಬದಲಾವಣೆಗೂ ಅನ್ನೋ ಮಾತು ಗಮನಿಸಿ. ಟೈರು ಒಂದು, ಟಾಪು ಒಂದು, ಬಂಪರ್ ಒಂದು ಅಂತ ಎಣಿಸ್ತಾ ಹೋದ್ರೆ ನಮ್ಮ ಎಷ್ಟೋ ಜೀಪುಗಳ ದಂಡ ಜೀಪಿನ ಬೆಲೆ ಹತ್ತಿರ ಬರುತ್ತೆ. ಕಬ್ಬಿಣದ ಬುಲ್ ಬಾರ್ ಹಾಕಿದವರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ಎಲ್ಲಾ ರಾಜ್ಯಗಳಿಗೆ ಬರೆದಿದೆ.

"ಅಯ್ಯೋ, ಇಷ್ಟು ವರ್ಷ ಓಡಿಸಿದೀವಿ, ಯಾರು ಕೇಳಿದ್ರು?" ಅಂತ ನೀವು ಅಂತೀರಿ. ನಿಜ. ನಮ್ಮೂರಲ್ಲಿ ಯಾರೂ ಕೇಳಲ್ಲ. ಜೀಪು ಯಾರದು, ಯಾತಕ್ಕೆ ಓಡುತ್ತೆ ಅಂತ ಠಾಣೆಯವರಿಗೂ ಗೊತ್ತು. ಆದ್ರೆ ಆ ಗುರುತು, ಆ ಮುಲಾಜು ಎಲ್ಲಾ ನಮ್ಮ ತಾಲ್ಲೂಕಿನ ಗಡಿವರೆಗೆ. ಇನ್ನೊಂದು ರಾಜ್ಯಕ್ಕೆ ಹೋದಾಗ ನೀವು ಯಾರ ಮಗ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ನಿಮ್ಮ ಪರವಾಗಿ ಮಾತಾಡೋದು ಆರ್‌ಸಿ ಒಂದೇ.

ಆ ವಯನಾಡಿನ ಹುಡುಗನ ವಿಚಾರ ನೋಡಿ. ಹೆಸರು ಬೇಡ, ಪಕ್ಕದ ಊರಿನವನು. ಮನೆ ಪಾಲಾಯ್ತು, ಇವನ ಪಾಲಿಗೆ ಬಂದಿದ್ದು ಒಂದೂವರೆ ಎಕರೆ. ಅದನ್ನ ಅಣ್ಣನಿಗೇ ನೋಡಿಕೊಳ್ಳೋಕೆ ಬಿಟ್ಟು, ವಯನಾಡಿನ ಒಂದು ಕಾಫಿ ತೋಟಕ್ಕೆ ರೈಟರ್ ಆಗಿ ಹೋದ. ಜೊತೆಗೆ ತನ್ನ ಹಳೇ ಮಹೀಂದ್ರ ಜೀಪು. ಗುಂಡ್ಲುಪೇಟೆ ಮೇಲೆ ಬಂಡೀಪುರ ದಾಟಿ ಮುತ್ತಂಗ ಕಡೆಯಿಂದ ಇಳಿದ. ಆ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ಇಲ್ಲ, ಹಗಲು ಹೊತ್ತಲ್ಲೇ ಹೋದ. ಯಾರೂ ತಡೀಲಿಲ್ಲ. ಅಲ್ಲಿನ ತೋಟದಲ್ಲಿ ಜೀಪು ಚೆನ್ನಾಗೇ ದುಡೀತು.

ಕಾಯಿದೆ ಪ್ರಕಾರ ವಿಳಾಸ ಬದಲಾದ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಅದು ಕಲಂ 49. ಬೇರೆ ರಾಜ್ಯದಲ್ಲಿ ಗಾಡಿ 12 ತಿಂಗಳು ದಾಟಿ ಇರೋದಾದ್ರೆ ಆ ರಾಜ್ಯದ ಹೊಸ ನಂಬರ್ ಹಾಕಿಸಬೇಕು, ಅದು ಕಲಂ 47. ಹೊಸ ನಂಬರಿಗೆ ಮೂಲ ಆರ್‌ಟಿಒ ಕೊಡೋ ಎನ್‌ಒಸಿ ಬೇಕು, ಅದು ಕಲಂ 48. ಹುಡುಗ ಒಂಬತ್ತು ತಿಂಗಳು ಸುಮ್ಮನಿದ್ದು ಆಮೇಲೆ ಊರಿಗೆ ಬಂದು ಎನ್‌ಒಸಿಗೆ ಹಾಕಿದ. ಫಾರಂ 28, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್, ತೆರಿಗೆ, ಇನ್ಶೂರೆನ್ಸು, ಹೊಗೆ ಸರ್ಟಿಫಿಕೇಟು. ಇಲ್ಲಿ ಯಾರೂ ಗಾಡಿ ನೋಡಲಿಲ್ಲ. ರೆಕಾರ್ಡ್ ಸರಿ ಇತ್ತು, ಎನ್‌ಒಸಿ ಬಂತು. ಕೆಲಸ ಆಯ್ತು ಅಂದ್ಕೊಂಡ.

ಅಲ್ಲಿನ ಕಚೇರಿಗೆ ಜೀಪು ತೋರಿಸೋಕೆ ಹೋದಾಗ ಇನ್‌ಸ್ಪೆಕ್ಟರು ಬಾನೆಟ್ ಎತ್ತಿಸಿ, ಬಟ್ಟೆ ತಗೊಂಡು ಎಣ್ಣೆ ಒರೆಸಿ ಎಂಜಿನ್ ನಂಬರ್ ಓದಿದ್ರು. ಆರ್‌ಸಿಯಲ್ಲಿರೋ ನಂಬರ್ ಬೇರೆ. ಎಷ್ಟೋ ವರ್ಷದ ಹಿಂದೆ ಇವನ ಅಪ್ಪ ಎಂಜಿನ್ ಬದಲಾಯಿಸಿದ್ದರು, ಆರ್‌ಸಿಗೆ ಹತ್ತಿಸಿರಲಿಲ್ಲ. ಆಮೇಲೆ ಟೇಪು ಹಿಡಿದ್ರು. ಟೈರು ಕಂಪನಿ ಸೈಜಲ್ಲ. ಟಾಪು ಆರ್‌ಸಿಯಲ್ಲಿಲ್ಲ. ಸೀಟು ಎರಡು ಜಾಸ್ತಿ. ಆಗಲ್ಲ ಅಂತ ಒಂದೇ ಮಾತು. ಅವರು ಜಗಳಕ್ಕೆ ಬರಲಿಲ್ಲ, ದುಡ್ಡೂ ಕೇಳಲಿಲ್ಲ. ಮೂಲ ಸ್ಥಿತಿಗೆ ತಂದು, ಎಂಜಿನ್ನಿಗೆ ದಾಖಲೆ ತೋರಿಸಿ ಅಂದ್ರು ಅಷ್ಟೇ. ಗುಜರಿಯಿಂದ ತಂದ ಎಂಜಿನ್ನಿಗೆ ಬಿಲ್ ಎಲ್ಲಿಂದ ಬರಬೇಕು? ಅಪ್ಪ ತೀರಿಕೊಂಡು ಆರು ವರ್ಷ ಆಗಿದೆ.

ವಾಪಸ್ ಊರಿಗೆ ತಂದು ಇಲ್ಲೇ ಇಟ್ಕೊಳ್ಳೋಣ ಅಂದ್ರೆ ಅದಕ್ಕೂ ಒಂದು ಗಂಟು. ಒಂದು ಸಲ ಎನ್‌ಒಸಿ ಕೊಟ್ಟರೆ ಇಲ್ಲಿನ ದಾಖಲೆಯಲ್ಲಿ ಗಾಡಿ ಹೊರಗೆ ಹೋಗಿದೆ ಅಂತ ಬೀಳುತ್ತೆ. ಅದನ್ನ ರದ್ದು ಮಾಡಿಸೋಕೆ, ಆ ಎನ್‌ಒಸಿ ನಮ್ಮಲ್ಲಿ ಬಳಕೆ ಆಗಿಲ್ಲ ಅಂತ ಅಲ್ಲಿನ ಕಚೇರಿಯಿಂದ ಬರೆಸ್ಕೊಂಡು ಬರಬೇಕು. ಅಷ್ಟು ದಿನ ಜೀಪು ಅಲ್ಲಿಗೂ ಸೇರಲ್ಲ, ಇಲ್ಲಿಗೂ ಸೇರಲ್ಲ. ಹುಡುಗ ರಜೆ ಹಾಕಿ ಹಾಕಿ ಸಾಕಾಗಿದಾನೆ. ಸಂಬಳ ಕತ್ತರಿಸಿದ್ದು, ಓಡಾಟದ ಖರ್ಚು ಎಲ್ಲಾ ಕೂಡಿದ್ರೆ ಆ ಜೀಪು ಇಲ್ಲೇ ಮಾರಿದ್ರೆ ಬರ್ತಿದ್ದ ದುಡ್ಡಿನ ಅರ್ಧ ಹೋಗಿದೆ.

ಕೇರಳದವರು ಈ ವಿಷಯದಲ್ಲಿ ಬಿಗಿ ಅನ್ನೋದು ಹೊಸದೇನಲ್ಲ. 2021ರಲ್ಲಿ ಕಣ್ಣೂರಿನಲ್ಲಿ ಇಬ್ಬರು ಅಣ್ಣತಮ್ಮಂದಿರ ಯೂಟ್ಯೂಬ್ ವ್ಯಾನನ್ನ ಮಾಡಿಫಿಕೇಶನ್ ಕಾರಣಕ್ಕೆ ಹಿಡಿದು ನಿಲ್ಲಿಸಿದ್ದು ಪೇಪರಿನಲ್ಲೆಲ್ಲಾ ಬಂದಿತ್ತು. ಲಕ್ಷಾಂತರ ಜನ ನೋಡೋ ಯೂಟ್ಯೂಬಿನವರನ್ನೇ ಬಿಡಲಿಲ್ಲ. ನಮ್ಮ ಹಳೇ ಜೀಪು ಯಾವ ಲೆಕ್ಕ?

ಈಗ ಎರಡನೆಯವರ ವಿಚಾರ. ಮಂಡಿ ಡಬ್ವಾಲಿ ಅನ್ನೋದು ಹರಿಯಾಣದ ಸಿರ್ಸಾ ಜಿಲ್ಲೆಯ ಊರು, ಪಂಜಾಬಿನ ಗಡಿಗೆ ಅಂಟಿಕೊಂಡೇ ಇದೆ. ಜೀಪು ಕಟ್ಟೋದಕ್ಕೆ ಆ ಊರು ದೇಶಕ್ಕೇ ಹೆಸರು. ಮಿಲಿಟರಿ ಹರಾಜಿನ ಹಳೇ ಜೀಪು ತಂದು ಬಿಚ್ಚಿ, ನಾವು ಕೇಳಿದ ಹಾಗೆ ಕಟ್ಟಿ ಕೊಡ್ತಾರೆ. ಅಲ್ಲಿಯ ಕೆಲಸಗಾರರ ಕೈ ಚಳಕದ ಬಗ್ಗೆ ನನಗೆ ಎರಡು ಮಾತಿಲ್ಲ. ವಿಡಿಯೋ ನೋಡಿದ್ರೆ ಯಾರಿಗಾದ್ರೂ ಆಸೆ ಆಗುತ್ತೆ. ಆದ್ರೆ ಒಂದು ಗಾಡಿಯ ಚಾಸಿ, ಇನ್ನೊಂದರ ಎಂಜಿನ್, ಹೊಸದಾಗಿ ತಗಡು ಬಡಿದ ಬಾಡಿ ಸೇರಿಸಿ ಆದ ಜೀಪಿಗೆ ಕಂಪನಿ ಯಾವುದು? ಮೂಲ ವಿವರ ಯಾವುದು? ಕಲಂ 52 ಕೇಳೋ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇಲ್ಲ.

ಆರ್‌ಸಿ ಕೊಡ್ತೀವಿ, ಎನ್‌ಒಸಿ ಕೊಡ್ತೀವಿ ಅಂತ ಮಾರೋರು ಹೇಳ್ತಾರೆ. ಕೆಲವರು ಸರಿಯಾದ್ದೇ ಕೊಡಬಹುದು. ಆದ್ರೆ ನಿಮ್ಮ ಕೈಗೆ ಬಂದ ಆರ್‌ಸಿ ನಿಮ್ಮ ಮುಂದಿರೋ ಚಾಸಿಯದ್ದೇ ಹೌದಾ ಅನ್ನೋದೇ ಮುಖ್ಯ. ಎಲ್ಲೋ ಗುಜರಿಗೆ ಹೋದ ಜೀಪಿನ ಆರ್‌ಸಿ ತಂದು, ಅದರ ನಂಬರನ್ನ ಇನ್ನೊಂದು ಚಾಸಿ ಮೇಲೆ ಕುಟ್ಟಿದ್ರೆ ಅದು ಮಾಡಿಫಿಕೇಶನ್ ದಂಡದಲ್ಲಿ ಮುಗಿಯೋ ಮಾತಲ್ಲ, ಪೊಲೀಸ್ ಕೇಸು. ಎರಡು ಸಾವಿರ ಕಿಲೋಮೀಟರು ದಾಟಿ ಲಾರಿ ಮೇಲೆ ಬಂದ ಜೀಪನ್ನ ವಾಪಸ್ ಕಳಿಸಿ ದುಡ್ಡು ಕೇಳೋಕೆ ಯಾರಿಂದ ಆಗುತ್ತೆ? ಹೋಗಲಿ, ರೆಕಾರ್ಡ್ ಸರಿ ಇದ್ರೂ ಇಲ್ಲಿಗೆ ಬಂದ ಮೇಲೆ ಗಾಡಿಯ ವಯಸ್ಸಿಗೆ ತಕ್ಕ ಹಾಗೆ ನಮ್ಮ ರಾಜ್ಯದ ತೆರಿಗೆ ಕಟ್ಟಬೇಕು. ಬೆಲೆ ಮಾತಾಡುವಾಗ ಈ ಲೆಕ್ಕ ಯಾರೂ ಹೇಳಲ್ಲ.

ಆ ಯಜಮಾನರಿಗೆ ನಾನು ಹೇಳಿದ್ದು ಇಷ್ಟೇ: "ಅಣ್ಣಾ, ತೋಟದ ಗೇಟಿನೊಳಗೇ ಇಟ್ಕೋತೀನಿ ಅಂತೀರಿ. ಆದ್ರೆ ನಿಮ್ಮ ತೋಟದ ಎರಡು ತಾಕಿನ ಮಧ್ಯೆ ಪಂಚಾಯ್ತಿ ರಸ್ತೆ ಹಾದು ಹೋಗಿದೆ. ಆ ರಸ್ತೆ ದಾಟುವಾಗ ಅದು ಸಾರ್ವಜನಿಕ ರಸ್ತೆ ಮೇಲಿರೋ ಗಾಡಿ." ನಮ್ಮಲ್ಲಿ ಮುಕ್ಕಾಲು ಪಾಲು ಜನರ ತೋಟ ಹೀಗೇ ಇದೆ.

ಮೂರನೆಯದು ಕೆಎಲ್ ಜೀಪು. ಶುಂಠಿಗೆ ಜಮೀನು ಗುತ್ತಿಗೆ ಹಿಡಿಯೋಕೆ ಕೇರಳದಿಂದ ಎಷ್ಟೋ ವರ್ಷದಿಂದ ಜನ ಬರ್ತಾರೆ, ಅವರ ಜೊತೆ ಜೀಪೂ ಬರುತ್ತೆ. ಬೆಲೆ ಬಿದ್ದ ವರ್ಷ ಜೀಪು ಇಲ್ಲೇ ಮಾರಿ ಹೋಗ್ತಾರೆ. ಕಡಿಮೆ ಬೆಲೆಗೆ ಒಳ್ಳೇ ಜೀಪು ಸಿಗುತ್ತೆ, ಸುಳ್ಳಲ್ಲ. ಕೊಡುವಾಗ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಕೊಡ್ತಾರೆ. ನಮ್ಮವರು ಅದನ್ನ ಬೀರುವಿನಲ್ಲಿ ಇಟ್ಟು ವರ್ಷಗಟ್ಟಲೆ ಓಡಿಸ್ತಾರೆ. ಬೇರೆ ರಾಜ್ಯಕ್ಕೆ ಮಾರಿದ್ರೆ ಮಾರಿದವರು 45 ದಿನದೊಳಗೆ ಎನ್‌ಒಸಿ ಸಮೇತ ತಿಳಿಸಬೇಕು, ಕೊಂಡವರು 30 ದಿನದೊಳಗೆ ಹೆಸರಿಗೆ ಮಾಡಿಸ್ಕೊಳ್ಳೋಕೆ ಅರ್ಜಿ ಹಾಕಬೇಕು. ಎಷ್ಟು ಜನ ಮಾಡ್ತೀವಿ?

2018ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪಿನಲ್ಲಿ ಸ್ಪಷ್ಟ ಹೇಳಿದೆ. ಗಾಡಿ ಎಷ್ಟು ಕೈ ಬದಲಾಗಿದ್ರೂ ಸರಿ, ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಮಾಲೀಕರು. ಅಂದ್ರೆ ನೀವು ಇಲ್ಲಿ ಯಾರಿಗಾದ್ರೂ ಗುದ್ದಿದ್ರೆ, ಜೀಪು ಮಾರಿ ಊರಿಗೆ ಹೋದ ಆ ಕೇರಳದ ರೈತನ ಮನೆಗೆ ನೋಟೀಸು ಹೋಗುತ್ತೆ. ಅವನೂ ನಮ್ಮ ಹಾಗೇ ಸಾಲ ಮಾಡಿ ಬೆಳೆ ಇಟ್ಟವನು. ಅದೇ ತಿರುಗಿಸಿ ನೋಡಿ. ನಿಮ್ಮ ಜೀಪನ್ನ ಬೇರೆ ರಾಜ್ಯದವರಿಗೆ ಖಾಲಿ ಸಹಿ ಹಾಕಿ ಕೊಟ್ರೆ ಮುಂದೆ ಎಲ್ಲೋ ಆಗೋ ಅಪಘಾತಕ್ಕೆ ನಿಮ್ಮ ಪಹಣಿ ಹೊಣೆ.

ಅಪಘಾತದ ಮಾತು ಬಂತು ಅಂತ ಹೇಳ್ತೀನಿ, ನನಗೆ ನಿಜವಾದ ಭಯ ಇರೋದು ದಂಡದ ಬಗ್ಗೆ ಅಲ್ಲ. ಹಣ್ಣು ಕುಯ್ಲಿನ ಕಾಲದಲ್ಲಿ ನಮ್ಮ ಜೀಪುಗಳ ಹಿಂದೆ ಎಷ್ಟು ಜನ ಹೆಂಗಸರು ಕೂತಿರ್ತಾರೆ ನೋಡಿದೀರಿ. ಆರ್‌ಸಿಯಲ್ಲಿ ಎಷ್ಟು ಸೀಟು ಇದೆಯೋ ಅದರ ಎರಡರಷ್ಟು. ಎತ್ತರ ಮಾಡಿಸಿದ ಜೀಪು ತಿರುವಿನಲ್ಲಿ ಬೇಗ ವಾಲುತ್ತೆ. ಕಮಾನು ಪಟ್ಟಿ ಜಾಸ್ತಿ ಹಾಕಿ ದೊಡ್ಡ ಟೈರು ಕೂರಿಸಿದ ಮೇಲೆ ಬ್ರೇಕು ಮಾತ್ರ ಹಳೇದೇ ಉಳಿದಿರುತ್ತೆ. ಗಾಡಿ ಮಗುಚಿದ್ರೆ ಇನ್ಶೂರೆನ್ಸಿನವರು ಮೊದಲು ಮಾಡೋ ಕೆಲಸ ಫೋಟೋ ತೆಗೆಯೋದು, ಆರ್‌ಸಿ ಪಕ್ಕ ಇಟ್ಟು ನೋಡೋದು. ಬದಲಾವಣೆ ಮುಚ್ಚಿಟ್ಟಿದ್ರೆ ನಮ್ಮ ಗಾಡಿಯ ನಷ್ಟ ತಿರಸ್ಕಾರ ಆಗಬಹುದು. ಬರೀ ಥರ್ಡ್ ಪಾರ್ಟಿ ಪಾಲಿಸಿ ಆದ್ರೆ ನಮ್ಮದೇ ಖಾಸಗಿ ಜೀಪಿನೊಳಗೆ ಕೂತವರಿಗೆ ಅದರಲ್ಲಿ ರಕ್ಷಣೆ ಇಲ್ಲ. ದಾರಿಹೋಕರಿಗೆ ಪರಿಹಾರ ಕೊಟ್ಟರೂ, ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಅಂತ ಕೋರ್ಟುಗಳು ಆದೇಶ ಮಾಡೋದು ಉಂಟು. ಆಗ ಹೋಗೋದು ಮೂರ್ನಾಲ್ಕು ಎಕರೆ ತೋಟ. ಅದಕ್ಕಿಂತ ದೊಡ್ಡದು, ಕೂಲಿಗೆ ಬಂದ ಹೆಣ್ಣುಮಗಳ ಮನೆಗೆ ಏನೂ ಸಿಗದೇ ಹೋಗೋದು. ಅವಳಿಗೆ ಆ ಜೀಪಿನ ಆರ್‌ಸಿ ಹೇಗಿದೆ ಅಂತ ಗೊತ್ತಿರುತ್ತಾ? ನಮ್ಮನ್ನ ನಂಬಿ ಹತ್ತಿದವಳು.

ಇನ್ನು ಕಾಯಿದೆಯ ಅನ್ಯಾಯದ ಬಗ್ಗೆ.

ಕೇಂದ್ರ ಸರ್ಕಾರ 2021ರಲ್ಲಿ ಬಿಎಚ್ ಸರಣಿಯ ನಂಬರ್ ತಂತು. ಅದು ಇದ್ರೆ ರಾಜ್ಯ ಬದಲಾದ್ರೂ ನಂಬರ್ ಬದಲಾಯಿಸಬೇಕಾಗಿಲ್ಲ. ಒಳ್ಳೇದೇ. ಆದ್ರೆ ಅದು ಯಾರಿಗೆ? ಸರ್ಕಾರಿ ನೌಕರರಿಗೆ, ಸೈನ್ಯದವರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯದಲ್ಲಿ ಕಚೇರಿ ಇರೋ ಕಂಪನಿಯ ನೌಕರರಿಗೆ. ವರ್ಗಾವಣೆ ಅವರಿಗೆ ಮಾತ್ರ ಇರೋದಾ? ತುಂಡು ಜಮೀನಿನವನ ಮಗ ಹೊಟ್ಟೆಪಾಡಿಗೆ ವಯನಾಡಿಗೋ ನೀಲಗಿರಿಗೋ ಹೋಗ್ತಾನಲ್ಲ, ಅವನಿಗೆ ಆರ್ಡರ್ ಕಾಪಿ ಕೊಡೋರು ಯಾರೂ ಇಲ್ಲ ಅಷ್ಟೇ.

ಎರಡನೇದು, ಕಾಯಿದೆಗೆ ಮನಸ್ಸಿದ್ರೆ ದಾರಿ ಮಾಡಿಕೊಡೋಕೆ ಬರುತ್ತೆ. ಸಿಎನ್‌ಜಿ, ಎಲ್‌ಪಿಜಿ ಕಿಟ್ ಹಾಕಿಸೋಕೆ ಒಪ್ಪಿಗೆ ಪಡೆದ ಕಿಟ್ ಇದೆ, ಹಾಕಿಸಿ ಆರ್‌ಸಿಗೆ ಬರೆಸಿದ್ರೆ ಮುಗೀತು. ಅಂಗವಿಕಲರು ತಮಗೆ ಬೇಕಾದ ಹಾಗೆ ಗಾಡಿ ಮಾರ್ಪಡಿಸಿಕೊಳ್ಳೋಕೆ ಕಾಯಿದೆಯಲ್ಲೇ ಅವಕಾಶ ಇದೆ, ಅದು ಇರಲೇಬೇಕು. ಅದೇ ರೀತಿ ಗುಡ್ಡಗಾಡು ಜಿಲ್ಲೆಗಳಿಗೆ ಅಂತ ಯಾಕೆ ಒಂದು ಪಟ್ಟಿ ಇರಬಾರದು? ಇಂಥ ಮಾಡೆಲ್ಲಿಗೆ ಇಷ್ಟು ಅಗಲದ ಟೈರು, ಇಂಥ ವಿಂಚು, ಇಂಥ ರೋಲ್ ಬಾರು, ಇಂಥ ಟಾಪು ಅಂತ ಪರೀಕ್ಷೆ ಮಾಡಿ ಒಪ್ಪಿಗೆ ಕೊಡಲಿ. ಹಾಕಿಸಿದವನು ಶುಲ್ಕ ಕಟ್ಟಿ ಆರ್‌ಸಿಗೆ ಬರೆಸ್ಕೊಳ್ಳಲಿ. ಆ ಆರ್‌ಸಿಯನ್ನ ಎಲ್ಲಾ ರಾಜ್ಯದವರೂ ಒಪ್ಪಲಿ. ರೋಲ್ ಬಾರು ಜೀವ ಉಳಿಸೋ ಸಾಮಾನು. ಅದಕ್ಕೂ ಕಣ್ಣು ಕುಕ್ಕೋ ಎಲ್‌ಇಡಿ ಪಟ್ಟಿಗೂ ಒಂದೇ ದಂಡ ಹಾಕಿದ್ರೆ, ಕಾಯಿದೆ ಮಾಡಿದವರು ಮಳೆಗಾಲದಲ್ಲಿ ಒಂದು ಸಲನೂ ಮಲೆನಾಡಿನ ತೋಟಕ್ಕೆ ಬಂದಿಲ್ಲ ಅಂತ ಅರ್ಥ.

ಇದನ್ನ ಒಬ್ಬೊಬ್ಬರೇ ಕೇಳಿದ್ರೆ ಆಗಲ್ಲ. ಬೆಳೆಗಾರರ ಸಂಘಗಳು ಕಾಫಿ ಬೆಲೆ, ಆನೆ ಹಾವಳಿ, ಬೆಳೆ ಪರಿಹಾರದ ಬಗ್ಗೆ ಮನವಿ ಕೊಡ್ತಾವೆ, ಕೊಡಲೇಬೇಕು. ಆ ಮನವಿಯಲ್ಲಿ ಇದಕ್ಕೂ ಒಂದು ಸಾಲು ಸೇರಲಿ ಅನ್ನೋದು ನನ್ನ ಕೋರಿಕೆ. ಕೊಡಗು, ವಯನಾಡು, ನೀಲಗಿರಿ, ಇಡುಕ್ಕಿ, ಎಲ್ಲಾ ಕಡೆ ಇದೇ ಕಷ್ಟ ಇದೆ. ರಾಜ್ಯ ಮೂರಾದ್ರೂ ಗುಡ್ಡ ಒಂದೇ. ಆದ್ರೆ ಕೇಳೋಕೆ ಹೋಗೋ ಮುಂಚೆ ನಮ್ಮ ಹುಡುಗರ ಶೋಕಿ ಸ್ವಲ್ಪ ಇಳೀಬೇಕು. ಅರ್ಧ ಅಡಿ ಆಚೆ ಬಂದ ಟೈರು ನೋಡಿದ ಅಧಿಕಾರಿ ನಮ್ಮ ಗೊಬ್ಬರದ ಚೀಲದ ಕಷ್ಟ ನಂಬಲ್ಲ.

ಕಾಯಿದೆ ಬದಲಾಗೋ ತನಕ ಏನು ಮಾಡೋದು? ನನ್ನ ಲೆಕ್ಕದಲ್ಲಿ ಮೂರು ತರ.

ಮೊದಲನೇದು, ಬಿಚ್ಚಿ ಇಡೋಕೆ ಬರೋದು. ಎಲ್‌ಇಡಿ ಪಟ್ಟಿ, ಬುಲ್ ಬಾರ್, ಮೇಲಿನ ಕ್ಯಾರಿಯರ್, ಜಾಸ್ತಿ ಸೀಟು. ಹೊರಡೋ ಮುಂಚೆ ಬಿಚ್ಚಿ ಮನೇಲಿ ಇಡಿ. ಅಲ್ಲಿ ಹೋಗಿ ಕಟ್ಕೋತೀನಿ ಅಂತ ಹಿಂದೆ ತುಂಬ್ಕೊಂಡು ಹೋಗಬೇಡಿ.

ಎರಡನೇದು, ಖರ್ಚು ಮಾಡಿ ಮೊದಲಿನ ಹಾಗೆ ಮಾಡಬಹುದಾದ್ದು. ಟೈರು, ಕಮಾನು ಪಟ್ಟಿ, ಟಾಪು. ಎನ್‌ಒಸಿಗೆ ಹಾಕೋ ಮುಂಚೆ ಕಂಪನಿ ಸೈಜಿನ ಟೈರು ಹಾಕಿಸಿ. ಮಳೆಗೆ ಹಲ್ಲಿನ ಟೈರು ಬೇಕಂದ್ರೆ ಅದೇ ಸೈಜಿನಲ್ಲೂ ಸಿಗ್ತಾವೆ. ಕೆಸರಿಗೆ ಚೈನು ಇದ್ದೇ ಇದೆ, ಮೇಲೆ ಹತ್ತಿದ ಮೇಲೆ ಬಿಚ್ಚಿದ್ರೆ ಆಯ್ತು.

ಮೂರನೇದು, ಹಿಂದಕ್ಕೆ ತರೋಕೆ ಆಗದೇ ಇರೋದು. ಬೇರೆ ಮಾಡೆಲ್ಲಿನ ಎಂಜಿನ್, ಕತ್ತರಿಸಿ ಬೆಸುಗೆ ಹಾಕಿದ ಚಾಸಿ, ಪೂರ್ತಿ ಬೇರೆ ಬಾಡಿ. ಇಂಥ ಜೀಪನ್ನ ಗಡಿ ದಾಟಿಸಬೇಡಿ. ಎಂಜಿನ್ ಬದಲಾಯಿಸಿದ್ರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಗೆ ಬರೆಸಬೇಕು ಅಂತ ಕಲಂ 52ರಲ್ಲೇ ಇದೆ. ಮುಂದೆ ಯಾರಾದ್ರೂ ಬದಲಾಯಿಸೋದಾದ್ರೆ ಅದೇ ಮಾದರಿಯ ಎಂಜಿನ್ ನೋಡಿ, ಮೊದಲೇ ಆರ್‌ಟಿಒದಲ್ಲಿ ಕೇಳಿ, ಬಿಲ್ಲು ಇಟ್ಕೊಳ್ಳಿ.

ಹೊರಡೋರಿಗೆ ಇನ್ನೂ ನಾಲ್ಕು ಮಾತು:

1) 15 ವರ್ಷ ದಾಟಿದ ಜೀಪಿಗೆ ಆರ್‌ಸಿ ನವೀಕರಣ ಆಗಿದೆಯಾ ನೋಡಿ. ನವೀಕರಣ 5 ವರ್ಷಕ್ಕೆ ಮಾತ್ರ.

2) ಬ್ಯಾಂಕ್ ಸಾಲ ತೀರಿದ್ರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುತ್ತೆ. ಫಾರಂ 35 ಕೊಟ್ಟು ತೆಗೆಸಿ. ಅದು ಇರೋ ತನಕ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಎನ್‌ಒಸಿ ಆಗಲ್ಲ.

3) ಎನ್‌ಒಸಿ ಅರ್ಜಿಗೆ 30 ದಿನದೊಳಗೆ ಕೊಡ್ತೀವಿ ಅಥವಾ ಕೊಡಲ್ಲ ಅಂತ ಕಚೇರಿ ಹೇಳಬೇಕು, ಕಲಂ 48ರಲ್ಲಿ ಇದೆ. ಸ್ವೀಕೃತಿ ರಸೀದಿ ಜೋಪಾನ ಮಾಡಿ.

4) ಇಲ್ಲಿ ಕಟ್ಟಿದ ಲೈಫ್‌ಟೈಮ್ ತೆರಿಗೆಯಲ್ಲಿ ಉಳಿದ ಭಾಗ ವಾಪಸ್ ಕೇಳೋಕೆ ಅವಕಾಶ ಇದೆ. ತಾನಾಗೇ ಬರಲ್ಲ. ಹೊಸ ರಾಜ್ಯದ ಆರ್‌ಸಿ ಬಂದ ಮೇಲೆ ಅರ್ಜಿ ಹಾಕಬೇಕು. ಜೀಪು ತುಂಬಾ ಹಳೇದಾದ್ರೆ ಸಿಗೋದು ಕಡಿಮೆ ಅಥವಾ ಏನೂ ಇಲ್ಲ.

ಅಪ್ಪನ ಕಾಲದ ಜೀಪು ಮಾರೋದು ಕೊಟ್ಟಿಗೆಯ ಹಸು ಮಾರಿದಷ್ಟೇ ಕಷ್ಟ ಅಂತ ನನಗೆ ಗೊತ್ತು. ವಯನಾಡಿನ ಹುಡುಗನಿಗೂ ಅದೇ ಸಂಕಟ. ಅವನಿಗೆ ಹೇಳಿದೀನಿ, ಎನ್‌ಒಸಿ ರದ್ದು ಮಾಡಿಸಿ ಜೀಪನ್ನ ಊರಿಗೆ ತಾ, ಎಂಜಿನ್ನಿಗೆ ಇಲ್ಲೇ ಒಂದು ದಾರಿ ಹುಡುಕೋಣ, ಅಲ್ಲಿಗೆ ಆ ರಾಜ್ಯದ ನಂಬರಿನ ಒಂದು ಸೆಕೆಂಡ್ ಹ್ಯಾಂಡ್ ಜೀಪು ನೋಡು ಅಂತ. ಒಪ್ಪಿದಾನೆ. ಯಾರ ಹತ್ರ ಆದ್ರೂ ಬಿಲ್ಲು ಸಮೇತ ಆ ಕಾಲದ ಮಹೀಂದ್ರ ಡೀಸೆಲ್ ಎಂಜಿನ್ ಇದ್ರೆ ನನಗೆ ಒಂದು ಫೋನ್ ಮಾಡಿ, ಅವನಿಗೆ ಉಪಕಾರ ಆಗುತ್ತೆ.

ನೀವೂ ನಾಳೆ ಬೆಳಿಗ್ಗೆ ಬಿಡುವಾದಾಗ ನಿಮ್ಮ ಜೀಪಿನ ಬಾನೆಟ್ ಎತ್ತಿ, ಒಂದು ಹಳೇ ಬಟ್ಟೆಯಿಂದ ಒರೆಸಿ, ಎಂಜಿನ್ ನಂಬರ್ ಓದಿ. ಆರ್‌ಸಿ ಪಕ್ಕದಲ್ಲಿ ಇಟ್ಕೊಳ್ಳಿ. ಸರಿ ಇದ್ರೆ ಸಂತೋಷ, ಇಲ್ಲದಿದ್ರೆ ಮಳೆ ಹಿಡಿಯೋ ಮುಂಚೆ ಆರ್‌ಟಿಒ ಕೆಲಸ ಶುರು ಮಾಡಿ.

ಮುಂದಿನ ವಾರ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ ತಂದಿಟ್ಕೊಂಡಿರಿ.